ರಾಷ್ಟ್ರನಾಯಕರ ಇಂಗ್ಲಿಷು, ಇಸ್ತ್ರಿ ಅಕ್ಕನ ಕಿಟಕಿ

೧

ಹುಟ್ಟಿನಿಂದ ಶುರು ಮಾಡಲೇ, ಇಸ್ತ್ರಿಯಿಂದ ಶುರು ಮಾಡಲೇ? ಹುಟ್ಟಿನಿಂದ ಶುರು ಮಾಡಲು ಇದೇನು ರಾಷ್ಟ್ರನಾಯಕರ ಜೀವನಚರಿತ್ರೆಯೇ? (ಒಂದು ಲೆಕ್ಕದಲ್ಲಿ ಹೌದು. ತಡೆಯಿರಿ, ಹೇಳುತ್ತೇನೆ.)

'ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ದುಃಖಿ ಹೆಂಗಸೊಬ್ಬಳು ಇಸ್ತ್ರಿ ಹಾಕುತ್ತಿದ್ದಳು.' ಛೆ! ಆ ಸಾಲನ್ನು ಹೊಡೆದು ಹಾಕಿದೆ. ಯಾಕೆಂದರೆ ಅವಳೇ ತಲೆಯೆತ್ತಿ, "ದುಃಖಿ ಅಂತ ಯಾರ್ರೀ ಹೇಳಿದ್ದು ನಿಮಗೆ? ಸೆಕೆ, ಅಷ್ಟೇ," ಎಂದಳು.

೨

ಸರಿ. ಸೆಕೆಯಲ್ಲಿ ಒಬ್ಬಳು ಹೆಂಗಸು. ಹೋಟೆಲಿನವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಾರೆ. ಹಾಸಿಗೆ ಬಟ್ಟೆ, ದಿಂಬಿನ ಕವರು, ಟವಲು, ಹಬೆ. ಬೆಳಗಾಗುವ ಮೊದಲು ಕೆಳಗಿಳಿದರೆ ಹೊತ್ತು ಮುಳುಗಿದ ಮೇಲೆ ಹತ್ತಿ ಬರುವುದು. ನೆಲಮಾಳಿಗೆಗೆ ಕಿಟಕಿಯಿಲ್ಲ. ಈಗ ಮೇಲೆ ರಿಸೆಪ್ಷನ್ನಿನಲ್ಲಿ ಒಂದು ಕೆಲಸ ಖಾಲಿಯಾಗಿದೆ. ಅಲ್ಲಿ ಗೋಡೆಯಗಲದ ಕಿಟಕಿ. ಅವಳಿಗೆ ಬೇಕಾದದ್ದು ಇಷ್ಟೇ, ಹಗಲು ಹೊತ್ತಿನಲ್ಲಿ ಹಗಲು. ಆದರೆ ಆ ಕೆಲಸಕ್ಕೆ ಇಂಗ್ಲಿಷು ಬರಬೇಕು.

ಕಲಿಸಲು ಅತ್ತಿಗೆ ಇದ್ದಾರೆ. ಅಣ್ಣನ ಹೆಂಡತಿ, ರಿಟೈರಾದ ಟೀಚರು. ಅವರ ಹತ್ತಿರ ಇರುವುದು ಒಂದೇ ಪುಸ್ತಕ, ಮಕ್ಕಳಿಗಾಗಿ ಸರಳ ಇಂಗ್ಲಿಷಿನಲ್ಲಿ ಬರೆದ ರಾಷ್ಟ್ರನಾಯಕರ ಜೀವನಚರಿತ್ರೆ. ಪ್ರತಿ ಪಾಠದ ಕೊನೆಗೆ ಹೊಸ ಪದಗಳು, ಕ್ರಿಯಾಪದದ ಮೂರು ರೂಪಗಳು. (ಯಾವ ನಾಯಕರು ಎಂದು ಕೇಳಬೇಡಿ. ಮೀಸೆ ಇತ್ತು, ಅಷ್ಟು ಸಾಕು.)

"ನಾಯಕರನ್ನ ತೆಗಿ, ನಿನ್ನನ್ನ ಹಾಕು," ಇದು ಅತ್ತಿಗೆಯ ಪದ್ಧತಿ. "'ಹಿ' ಇದ್ದಲ್ಲೆಲ್ಲ 'ಐ' ಅನ್ನು. ಆಗಲೇ ನಾಲಿಗೆ ತಿರುಗೋದು ಕಣೇ."

ತಿರುಗಿತು ನೋಡಿ, ಸ್ವಾಮಿ! ದಿಂಬಿನ ಕವರಿಗೆ ಮೂರು ಮಡಿಕೆ, ಕ್ರಿಯಾಪದಕ್ಕೆ ಮೂರು ರೂಪ. ಗೋ, ವೆಂಟ್, ಗಾನ್. ಒಂದು ಕವರು ಮುಗಿಯಿತು. ಫೈಟ್, ಫಾಟ್, ಫಾಟ್. ಇನ್ನೊಂದು. ಮೊದಲ ಪಾಠದಲ್ಲಿ ಅವಳು ಸಣ್ಣ ಮನೆಯಲ್ಲಿ ಹುಟ್ಟಿದಳು. ಎರಡನೆಯದರಲ್ಲಿ ಹೊಳೆ ಈಜಿ ಶಾಲೆಗೆ ಹೋದಳು. ಮೂರನೆಯದರಲ್ಲಿ ಮೈದಾನದಲ್ಲಿ ಲಕ್ಷ ಜನರಿಗೆ ಭಾಷಣ ಬಿಗಿದಳು. ನಾಲ್ಕನೆಯದರಲ್ಲಿ "ಐ ರೆಫ್ಯೂಸ್", ಅಂದರೆ ನಾನು ಒಪ್ಪುವುದಿಲ್ಲ, ಎಂದು ಟವಲುಗಳ ಮುಂದೆ ಎದೆ ಸೆಟೆಸಿ ನಿಂತಳು. ಐದನೇ ಪಾಠದಲ್ಲಿ ನಾಯಕರಿಗೆ ಐದು ವರ್ಷ ಜೈಲು.

"ಅತ್ತಿಗೆ, ನಾನು ಹೋಗ್ಲೇಬೇಕಾ?"

"ಹೋಗ್ದೆ ಪಾಠ ಹೇಗೆ ಮುಗಿಯುತ್ತೆ? ಸುಮ್ನೆ ಹೋಗು."

ಹೋದಳು. ಅಷ್ಟರಲ್ಲಿ ಇಂಟರ್‌ವ್ಯೂ ದಿನ ಬಂದೇ ಬಿಟ್ಟಿತು. ಬಿಡುಗಡೆ ಇದ್ದದ್ದು ಆರನೇ ಪಾಠದಲ್ಲಿ.

೩

(ಇಲ್ಲಿ ಅತ್ತಿಗೆಯ ಬಾಲ್ಯದ ಬಗ್ಗೆ ಒಂದು ಪುಟ ಬರೆದಿದ್ದೆ. ನನಗೇ ಆಕಳಿಕೆ ಬಂತು. ತೆಗೆದೆ.)

೫

(ನಾಲ್ಕು ಎಲ್ಲಿ ಎಂದು ಹುಡುಕಬೇಡಿ. ಇಂಟರ್‌ವ್ಯೂಗೆ ಹೊತ್ತಾಯಿತೆಂದು ಅವಳು ದಾಟಿಕೊಂಡು ಬಂದಳು, ನಾನು ಹಿಂದೆ ಓಡಿದೆ.)

ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು: ಈ ಕೆಲಸ ಯಾಕೆ ಬೇಕು?

"ದಿ ಪೀಪಲ್ ಕಾಲ್ಡ್ ಮಿ, ಸರ್." ಜನ ಕರೆದರಂತೆ!

ಹಿಂದಿನ ಅನುಭವ?

"ಐ ಸ್ಪೋಕ್ ಟು ಒನ್ ಲಕ್ಷ ಪೀಪಲ್. ಇನ್ ದಿ ರೇನ್." ಲಕ್ಷ ಜನ, ಅದೂ ಮಳೆಯಲ್ಲಿ.

ಮ್ಯಾನೇಜರು ಕನ್ನಡಕ ತೆಗೆದರು. ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ?

ಐದು ವರ್ಷ! ಇದು ಬಾಯಿಪಾಠವಾದ ಪ್ರಶ್ನೆ. ಅವಳ ಮುಖ ಅರಳಿತು. "ಇನ್ ಪ್ರಿಸನ್, ಸರ್!"

ಜೈಲಿನಲ್ಲಿ! ನಾನು ಪೆನ್ನು ಬಿಸಾಕಿ ಹೊಟ್ಟೆ ಹಿಡಿದುಕೊಂಡೆ. ಮ್ಯಾನೇಜರು ಮಾತ್ರ ನಗಲಿಲ್ಲ. ಕೆಮ್ಮಿದರು, ಹೊರಗೆ ಕಾಯಲು ಹೇಳಿ ಬಾಗಿಲು ಹಾಕಿಕೊಂಡರು. ಹೊರಗೆ ಇದ್ದದ್ದು ಒಂದೇ ಕುರ್ಚಿ, ಆ ದೊಡ್ಡ ಕಿಟಕಿಯ ಪಕ್ಕದಲ್ಲಿ. ಅವಳು ಕೂತಳು.

೬

ಈಗ ಮುಕ್ತಾಯ. ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ.

ಒಂದು: ಬಾಗಿಲು ತೆರೆಯುತ್ತದೆ, ಕೆಲಸ ಸಿಗುತ್ತದೆ, ಚಪ್ಪಾಳೆ. "ನನಗೇ ನಂಬಿಕೆ ಬರಲ್ಲ, ಓದೋರಿಗೆ ಬರುತ್ತಾ?" ಎಂದಳು.

ಎರಡು: ಕೆಲಸ ಸಿಗುವುದಿಲ್ಲ. ಅವಳು ಮೆಟ್ಟಿಲಿಳಿದು ಹಬೆಯಲ್ಲಿ ಮಾಯವಾಗುತ್ತಾಳೆ, ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. (ಬಹುಮಾನ ಬರುವುದಿದ್ದರೆ ಇದಕ್ಕೇ.)

"ಐ ರೆಫ್ಯೂಸ್," ಎಂದಳು.

"ಅಲ್ಲಮ್ಮಾ, ಕಥೆ ಅಂದ್ಮೇಲೆ ಏನಾದ್ರೂ ಒಂದು ಆಗ್ಲೇಬೇಕಲ್ವಾ?"

"ಯಾಕೆ ಆಗ್ಬೇಕು? ನೀವು ಬರೆಯೋಕೆ ಕೂತಿರೋದು ಎಲ್ಲಿ, ಹೇಳಿ ನೋಡೋಣ."

ಕೂತಿದ್ದದ್ದು ಕಿಟಕಿಯ ಪಕ್ಕವೇ. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಪರದೆ ಎಳೆದುಕೊಂಡಿದ್ದೆ. ನಾಚಿಕೆಯಾಯಿತು, ಎದ್ದು ಸರಿಸಿ ಬಂದೆ.

ಅವಳ ಫೋನು ಬಡಿದುಕೊಂಡಿತು. ಅತ್ತಿಗೆ.

"ಏನಾಯ್ತೇ? ಬೇಗ ಹೇಳೇ, ಇಲ್ಲಿ ನನ್ನ ಜೀವ ಹೋಗ್ತಿದೆ!"

ಮ್ಯಾನೇಜರ ಬಾಗಿಲು ಇನ್ನೂ ಮುಚ್ಚಿತ್ತು. ಮಧ್ಯಾಹ್ನದ ಬಿಸಿಲು ಅವಳ ಮಡಿಲ ತುಂಬ ಬಿದ್ದಿತ್ತು. ರಸ್ತೆಯಲ್ಲಿ ಯಾರೋ ಒಬ್ಬ ಸೈಕಲ್ಲಿನ ಮೇಲೆ ಏಣಿ ಹೊತ್ತುಕೊಂಡು, ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿ ಗಂಭೀರವಾಗಿ ತಿರುಗುತ್ತಿದ್ದ. ಅವಳು ಕಾಲು ಚಾಚಿಕೊಂಡಳು. ನಾನು ಮೆಲ್ಲಗೆ ಬಾಗಿಲ ಹಿಡಿಕೆಗೆ ಕೈ ಹಾಕಿದೆ. ಕಣ್ಣಲ್ಲೇ ಗದರಿದಳು. ಕೈ ತೆಗೆದೆ.

"ಇನ್ನೂ ಏನೂ ಆಗಿಲ್ಲ ಅತ್ತಿಗೆ," ಎಂದಳು. "ಎಷ್ಟು ಚೆನ್ನಾಗಿದೆ ಗೊತ್ತಾ!"