ಸರದಿಕೋಲು

ತೀರಿಕೊಂಡ ಅಜ್ಜಿ ಗೌರಮ್ಮನನ್ನು ಕೂರಿಸಲು ಜಗುಲಿ ತೆರವು ಮಾಡುತ್ತಿದ್ದವರಲ್ಲಿ ಯಾರೋ ಬಾಗಿಲ ಮೂಲೆಗೆ ಒರಗಿದ್ದ ಕೋಲನ್ನೆತ್ತಿ ಒರಳುಕಲ್ಲಿನ ಪಕ್ಕ ನೆಲಕ್ಕೆ ಹಾಕಿದರು. ಹೂವಿನ ದಂಡೆ ಹಿಡಿದು ನಿಂತಿದ್ದ ಮೇಘನ ದಂಡೆಯನ್ನು ಪಕ್ಕಕ್ಕಿಟ್ಟಳು. ಅಜ್ಜಿ ಆ ಕೋಲನ್ನು ಒಂದು ದಿನವೂ ಮಲಗಿಸಿದವಳಲ್ಲ. ಕೋಲು ಮಲಗಿದರೆ ಗುಡ್ಡಕ್ಕೂ ನಿದ್ದೆ ಹತ್ತುತ್ತದೆ, ನಿದ್ದೆ ಹೋದ ಗುಡ್ಡವನ್ನು ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು ಎಂದು ಮೊಮ್ಮಗಳಿಗೆ ತುತ್ತಿಡುತ್ತಾ ಕತೆ ಹೇಳಿದ್ದಳು. ಪಾಂಡವಪುರದಲ್ಲಿ ಡಿಗ್ರಿ ಓದುವ ಮೇಘನ ಈಗ ಅದನ್ನೆಲ್ಲ ನಂಬುವುದಿಲ್ಲ. ಆದರೂ ಬಗ್ಗಿ ಕೋಲನ್ನೆತ್ತಿ ಗೋಡೆಗೆ ನಿಲ್ಲಿಸಿದಳು. ಅದರ ಕುತ್ತಿಗೆಗೆ ಕೆಂಪು ದಾರದಲ್ಲಿ ಕಟ್ಟಿದ್ದ ವಿಷಲ್ಲು ಒಮ್ಮೆ ತೂಗಾಡಿ ನಿಂತಿತು.

ಊರ ಹಿಂದಿನ ಗುಡ್ಡ ಊರಿನವರದೇ ಕಾವಲಿನಲ್ಲಿ ಬೆಳೆದ ಕಾಡು. ಇಪ್ಪತ್ತು ವರ್ಷದ ಹಿಂದೆ ಬೋಳಾಗಿದ್ದಾಗ ಅರಣ್ಯ ಸಮಿತಿ ಮಾಡಿಕೊಂಡು ಹೊಂಗೆ, ಬೇವು, ಕಮರ ನೆಟ್ಟಿದ್ದರು. ಮೂವತ್ತೊಂದು ಮನೆ, ದಿನಕ್ಕೊಂದು ಮನೆಯವರು ಕೋಲು ಹಿಡಿದು ಗುಡ್ಡ ಕಾಯಬೇಕು, ಸಂಜೆ ಪಕ್ಕದ ಮನೆ ಬಾಗಿಲಿಗೆ ಒರಗಿಸಬೇಕು. ಮೂರು ಸಲ ವಿಷಲ್ ಊದಿದರೆ ಕೈಲಿದ್ದ ಕೆಲಸ ಬಿಟ್ಟು ಎಲ್ಲರೂ ಗುಡ್ಡಕ್ಕೆ ಬರಬೇಕು. ಈಚೆಗೆ ಚಿನಕುರಳಿ ಕಡೆಯ ಕಲ್ಲುಕೋರೆಯವರು ಲಾರಿ ಓಡಾಡಲು ಕಾಡಿನ ನಡುವೆ ದಾರಿ ಕೇಳುತ್ತಿದ್ದರು. ಸಮಿತಿ ಎರಡು ಸಲ ಆಗದು ಎಂದಿತ್ತು. ಅವರ ಜೆಸಿಬಿ ಹದಿನೈದು ದಿನದಿಂದ ಗುಡ್ಡದ ಆ ಮಗ್ಗುಲಲ್ಲಿ ಬಂದು ನಿಂತಿತ್ತು. ಗುಡ್ಡದ ಮೇಲೊಬ್ಬರು ಕಾಣುತ್ತಿರುವಷ್ಟು ಹೊತ್ತು ಅದು ಅಲ್ಲಾಡುತ್ತಿರಲಿಲ್ಲ.

ಇವತ್ತು ಮೇಲೆ ಯಾರೂ ಇರಲಿಲ್ಲ.

ಚಟ್ಟದ ಬಿದಿರು ಬಿಗಿಯುತ್ತಿದ್ದವರ ಹತ್ತಿರ ಸಮಿತಿಯ ಅಧ್ಯಕ್ಷ ಸಿದ್ದರಾಮು ಫೋನು ಜೇಬಿಗಿಳಿಸುತ್ತಾ ಬಂದ. ಮಣ್ಣು ಹನ್ನೆರಡಕ್ಕೆ, ಎಲ್ಲರೂ ಬರಬೇಕೆಂದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇನೆ ಎಂದ. ಮೇಘನ ಅವನ ಹತ್ತಿರ ಬಂದಳು. ದಾರಿ ಕೇಳಲು ಬಂದಾಗ ಕೋರೆಯ ಮೇಸ್ತ್ರಿಯೂ ಅದೇ ಗ್ರೂಪಿಗೆ ಸೇರಿದ್ದ, ಅವನೂ ಅದನ್ನು ಓದಿರುತ್ತಾನೆ.

"ಗುಡ್ಡಕ್ಕೆ ಯಾರೂ ಓಗಿಲ್ಲ, ಸಿದ್ದರಾಮಣ್ಣ," ಎಂದಳು.

ಅವನು ಸುತ್ತ ನೋಡಿದ. "ರಂಗಸ್ವಾಮಿ, ಪಕ್ಕದ್ ಮನೆ ನಿಂದಲ್ವೇನ್ಲಾ? ಕೋಲ್ ತಕ್ಕೊಂಡೋಗು."

"ಸೂತ್ಕದ್ ಮನೆ ಕೋಲ ಎಂಗ್ ಮುಟ್ಟದಣ್ಣ? ಅನ್ನೊಂದ್ ದಿನ ಕಳೀಲಿ."

"ಅನ್ನೊಂದ್ ದಿನಕ್ಕೆ ಗುಡ್ಡಾನೇ ಇರಕ್ಕಿಲ್ಲ ಕಣ್ಲಾ."

"ಅಂಗಾರೆ ನೀನೇ ಎತ್ಕೊ. ಅದ್ಯಕ್ಸ ನೀನು."

ಯಾರೋ ಟವೆಲ್ಲಿನೊಳಗೆ ನಕ್ಕರು. ಸಿದ್ದರಾಮು ಕೋಲನ್ನು ನೋಡಿದ, ಕೈ ಚಾಚಲಿಲ್ಲ.

*

ನಾಲ್ಕು ಬೇಸಿಗೆಯ ಹಿಂದೆ ಮೇಘನ ಒಂದು ಸಂಜೆ ಬಾಗಿಲು ತೆಗೆದಾಗ ಕೋಲು ಮತ್ತೆ ಅಲ್ಲೇ ಒರಗಿತ್ತು. ನಮ್ಮ ಸರದಿ ಮೊನ್ನೆ ತಾನೆ ಮುಗಿಯಿತಲ್ಲ ಎಂದು ಕೇಳಿದರೆ ಅಜ್ಜಿ, ಅಣ್ಣಮ್ಮನ ಸೊಸೆ ಬಸುರಿ, ರಂಗಸ್ವಾಮಿಗೆ ಡೈರಿ ಕೆಲಸ ಎಂದು ಒಬ್ಬೊಬ್ಬರ ಪರವಾಗಿಯೂ ಒಂದೊಂದು ನೆಪ ಹೇಳಿ, ಮಾರನೆಯ ದಿನದ ಮುದ್ದೆಗೆ ಡಬ್ಬಿ ತೊಳೆಯಲು ಹೋದಳು.

"ಎಲ್ರದೂ ನೀನೇ ಕಾಯ್ಬೇಕಾ ಅಜ್ಜಿ?"

ಗೌರಮ್ಮ ಡಬ್ಬಿ ಬೋರಲು ಹಾಕಿ, ಹತ್ತಿರ ಬಂದು ಕೂತಳು.

"ಮೊದುಲ್ನೇ ವರ್ಸ ನನ್ ಸರದೀಲಿ ಬಂಡೆ ನೆಳ್ಳಲ್ಲಿ ಕಣ್ಣಂಟೋಯ್ತು ಕಣವ್ವ. ನಮ್ಮ್ ಮೇಕೆಗಳೇ ನಲವತ್ತು ಸಸಿ ಮೇಯ್ದ್ಬುಟ್ಟೊ. ಕಾಡಂದಿ ಅಂದೆ. ಎಲ್ರೂ ನಂಬುದ್ರು."

ಮೇಕೆಗಳನ್ನು ಆ ವಾರವೇ ಮಾರಿದ್ದಳಂತೆ. ಇದನ್ನು ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

*

ಸಿದ್ದರಾಮು ಇನ್ನೊಂದು ಉಪಾಯ ಹುಡುಕಿದ. ಗೌರಮ್ಮ ಗುಡ್ಡದಿಂದಿಳಿದು, ಎದೆ ಹಿಡಿಯುತ್ತದೆ ಎಂದು ನೀರು ಕೇಳಿ, ಕೋಲಿನ ಪಕ್ಕ ಕೂತವಳು ಏಳಲಿಲ್ಲ. ಅದು ನಿನ್ನೆ ಸಂಜೆ. ಅವಳು ಸಾಯುವ ಮೊದಲು ಕೋಲನ್ನು ಇಲ್ಲಿಗೆ ತಂದಿಟ್ಟ ಮನೆಯವರು ಅದನ್ನು ಮುಟ್ಟಿದರೆ ದೋಷವೇನು? ಯಾರದು ಆ ಮನೆ ಎಂದು ಕೇಳಿದ. ಅಣ್ಣಮ್ಮ ಬೋರಯ್ಯನ ಕಡೆ ಕೈ ತೋರಿದಳು. ಬೋರಯ್ಯ ತಾನು ಮಾಯಣ್ಣನ ಮನೆಗೆ ಕೊಟ್ಟೆನೆಂದ. ಮಾಯಣ್ಣ ಬಿದಿರಿನ ಗಂಟನ್ನು ಸುಮ್ಮನೆ ಇನ್ನೊಮ್ಮೆ ಬಿಗಿದ.

"ಯಾರೂ ತಂದಿಡ್ಲಿಲ್ಲ," ಎಂದಳು ಮೇಘನ. "ಯುಗಾದಿಯಿಂದ ಕೋಲು ಬ್ಯಾರೆ ಬಾಗ್ಲಿಗೆ ಓಗೇ ಇಲ್ಲ. ಅದ್ಕೂ ಮೊದ್ಲು ಎಲ್ರೂ ಮುಸ್ಸಂಜೇಲಿ ಬಂದು ಒರಗ್ಸಿ ಓಯ್ತಿದ್ರಿ. ನೀವೂವೆ, ಸಿದ್ದರಾಮಣ್ಣ."

ಜಗುಲಿಯ ಮೇಲೆ, ಹಣೆಗೆ ನಾಣ್ಯ ಅಂಟಿಸಿಕೊಂಡು ಕೂತಿದ್ದ ಗೌರಮ್ಮನ ಎದುರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪಿಸಿಕೊಂಡವರು ತಾವೊಬ್ಬರೇ ಎಂದು ಪ್ರತಿ ಮನೆಯವರೂ ಇಷ್ಟು ದಿನ ತಿಳಿದಿದ್ದರು.

ಹೊತ್ತಾಯಿತೆಂದು ಯಾರೋ ಎಚ್ಚರಿಸಿದರು. ತಮಟೆ ಬಡಿಯಿತು, ಚಟ್ಟ ಎದ್ದಿತು. ಬೀದಿಯ ಕೊನೆಯವರೆಗೆ ಹೋಗಿ ಹೆಂಗಸರು ಹಿಂದಿರುಗಬೇಕು. ಅಲ್ಲಿಗೆ ಬಂದಾಗ ತಮಟೆಯ ಏಟಿನ ಸಂದಿನಲ್ಲಿ ಮೇಘನಳಿಗೆ ಕೇಳಿಸಿತು: ಗುಡ್ಡದ ಆ ಮಗ್ಗುಲಿನಿಂದ, ದೊಡ್ಡ ಪ್ರಾಣಿಯೊಂದು ಗಂಟಲು ಸರಿಮಾಡಿಕೊಂಡಂತೆ ಎಂಜಿನ್ನಿನ ಸದ್ದು. ಬೇರೆ ಯಾರೂ ತಿರುಗಲಿಲ್ಲ. ಅವಳು ಮನೆಗೆ ಓಡಿ ಕೋಲು ಹಿಡಿದು ಹೊರಬಿದ್ದಳು.

"ಎಲ್ಲಿಗ್ಲೇ? ತಲೆ ಮೇಲೆ ನೀರ್ ಉಯ್ಕೊಬೇಕು," ಎಂದು ತಾಯಿ ಸುಧ ಅವಳ ಸೆರಗು ಹಿಡಿದಳು.

"ಸೂತ್ಕ ನಮ್ದೇ ಅಲ್ವೇನವ್ವ. ನಾನು ಮುಟ್ಬೋದು."

ಸುಧ ಸೆರಗು ಬಿಟ್ಟಳು.

ಗುಡ್ಡದ ಮೇಲೆ ಹುಲ್ಲಿನ ನಡುವೆ ಸವೆದ ದಾರಿ ಒಂದೇ ಪಾದದಷ್ಟು ಅಗಲವಿತ್ತು. ಮೂವತ್ತೊಂದು ಮನೆಯವರು ಓಡಾಡಿದ್ದರೆ ಅದು ಗಾಡಿದಾರಿಯಾಗಿರುತ್ತಿತ್ತು. ಅಜ್ಜಿಯ ಹೆಜ್ಜೆ ಗಿಡ್ಡ. ಮೇಘನ ಎಡವುತ್ತಾ ಹತ್ತಿದಳು. ನೆತ್ತಿಯ ಬಂಡೆಯ ಬುಡದಲ್ಲಿ, ಕೋಲು ಊರಿ ಊರಿ ಆದ ಒಂದು ಕುಳಿ. ಕೋಲು ಅದರಲ್ಲಿ ಇಳಿದು ನಿಂತಿತು.

ಆ ಕಡೆ ಕೆಳಗೆ ಜೆಸಿಬಿ ಎರಡು ಹೊಂಗೆ ಮರ ಕೆಡವಿ ಮೂರನೆಯದಕ್ಕೆ ಕೈ ಹಾಕಿತ್ತು. ಈ ಕಡೆ ಕೆಳಗೆ ಬಿಳಿ ಪಂಚೆಗಳ ಸಾಲು ಕಬ್ಬಿನ ಗದ್ದೆಯ ಬದುವಿನಲ್ಲಿ ಗುಂಡಿಯ ಕಡೆ ನಡೆದಿತ್ತು. ದೂರದಲ್ಲಿ ತೊಣ್ಣೂರಿನ ಕೆರೆ ಏನೂ ಆಗದಂತೆ ಮಿನುಗುತ್ತಿತ್ತು. ವಿಷಲ್ಲಿನಲ್ಲಿ ಎಲೆಯಡಿಕೆಯ ವಾಸನೆಯಿತ್ತು. ಅವಳು ಊದಿದಳು. ಉಸಿರು ಎಳೆದು ಮತ್ತೆ ಊದಿದಳು. ಮೂರನೆಯ ಸಲಕ್ಕೆ ಕಣ್ಣು ಕತ್ತಲೆಗಟ್ಟಿತು.

ಏನೂ ಆಗಲಿಲ್ಲ. ಮರ ಮುರಿಯುವ ಸದ್ದೊಂದೇ.

ಆಮೇಲೆ ತಮಟೆ ನಿಂತಿತು. ಬದುವಿನ ಮೇಲೆ ಪಂಚೆಗಳು ನಿಂತವು. ಎಷ್ಟು ಹೊತ್ತು ನಿಂತವೋ, ಮೇಘನ ವಿಷಲ್ಲನ್ನು ತುಟಿಯಿಂದ ತೆಗೆಯಲಿಲ್ಲ. ನಾಲ್ಕು ಹೆಗಲ ಮೇಲೆ ಗುಂಡಿಯ ಕಡೆ ಮುಖ ಮಾಡಿದ್ದ ಚಟ್ಟ, ಕಿರಿದಾದ ಬದುವಿನಲ್ಲಿ ಒಮ್ಮೆ ಓಲಾಡಿ, ಹೂವು ಉದುರಿಸುತ್ತಾ, ನಿಧಾನವಾಗಿ ಗುಡ್ಡದ ಕಡೆ ತಿರುಗಿತು.