ಓದೋ ಅಕ್ಕ ಓದದ ಪುಟ

"ಸತ್ತಳಾ? ಇವಳು ಹೇಗೆ ಸಾಯ್ತಾಳೆ?"

ಹಳೆಪುಸ್ತಕದ ಅಂಗಡಿಯಲ್ಲಿ ನಿಂತು ದರ್ಜಿಯಮ್ಮ ಜೋರಾಗಿಯೇ ಕೇಳಿದಳು. ಅಂಗಡಿಯವನು ತಲೆಯೆತ್ತಿ, "ಯಾರಮ್ಮಾ?" ಎಂದ. "ಚಿಕ್ಕವಳು," ಎಂದಳು, ಹತ್ತಿರದ ನೆಂಟರ ಸುದ್ದಿಯೆಂಬಂತೆ. ಹಳೆಯ ಪರಿಚಯದ ಹೆಸರು ಕಣ್ಣಿಗೆ ಬಿತ್ತೆಂದು ಆಸೆಯಿಂದ ಎತ್ತಿಕೊಂಡ ಕಾದಂಬರಿ. ಕೊನೆಯ ಅಧ್ಯಾಯವನ್ನು ಮತ್ತೆ ಬೆರಳಿಟ್ಟು ಓದಿದಳು. ಅನುಮಾನವೇ ಇರಲಿಲ್ಲ. ಕತೆಯ ಅಕ್ಕತಂಗಿಯರಲ್ಲಿ ಬಾಯಿಬಡುಕಿ ಚಿಕ್ಕವಳು ಕೆರೆಗೆ ಬಿದ್ದಿದ್ದಳು. ತಲೆ ತಗ್ಗಿಸಿ ನಡೆದ ದೊಡ್ಡವಳು ಗಿರಣಿ ಯಜಮಾನನ ಮನೆ ತುಂಬಿದ್ದಳು.

ಈ ಕತೆಯನ್ನು ದರ್ಜಿಯಮ್ಮ ಓದಿರಲಿಲ್ಲ, ಕೇಳಿದ್ದಳು. ಆಗಿನ್ನೂ ಹರೆಯ, ಬಟ್ಟೆ ಕಾರ್ಖಾನೆಯ ಕೈಹೊಲಿಗೆಯ ಕೋಣೆಯಲ್ಲಿ ಕೆಲಸ. ಮಿಷನ್ನುಗಳ ಗದ್ದಲವೆಲ್ಲ ಆಚೆ ಕಟ್ಟಡದಲ್ಲಿ. ಇಲ್ಲಿ ಕಾಜ ಹೊಲಿಯುವ, ಗುಂಡಿ ಹಚ್ಚುವ ಹೆಂಗಸರು ಮಾತ್ರ. ಸರಾಗವಾಗಿ ಓದಬಲ್ಲವಳು ಒಬ್ಬಳೇ, ಓದೋ ಅಕ್ಕ. ಊಟವಾದ ಮೇಲೆ ಅವಳು ಕಿಟಕಿಯ ಪಕ್ಕ ಕೂತು ಗ್ರಂಥಾಲಯದ ಪುಸ್ತಕ ಬಿಡಿಸಬೇಕು, ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡು ಹೊಲಿಯಬೇಕು. ಅದು ಅಲ್ಲಿನ ಕಟ್ಟಳೆ. ಎಂಥ ಮಧ್ಯಾಹ್ನಗಳು ಅವು! ಕತೆಯ ಹೆಂಗಸರು ಕೋಣೆಯವರೇ ಆಗಿಬಿಡುತ್ತಿದ್ದರು.

"ದೊಡ್ಡವಳನ್ನ ನೋಡಿ ಕಲೀರೇ. ಹಾಕಿದ್ದು ಉಣ್ತಾಳೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾಳೆ," ಎನ್ನುವಳು ಎಲ್ಲರಿಗಿಂತ ಹಿರಿಯಳು. "ಈ ಚಿಕ್ಕವಳು ಬಂದ ಸಂಬಂಧ ಒದ್ದಳಲ್ಲ, ಇನ್ನು ಅವಳ ಗತಿ ನೋಡ್ತಿರಿ."

"ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ, ಬಿಡಿ," ಎಂದು ಓದೋ ಅಕ್ಕ ಪುಟ ತಿರುಗಿಸುವಳು. ಉಳಿದವರು ನಗುವರು.

ಅಕ್ಕ ಓದಿದ ಕತೆಯಲ್ಲಿ ಚಿಕ್ಕವಳು ಸಾಯಲಿಲ್ಲ. ಪಟ್ಟಣಕ್ಕೆ ಹೋಗಿ ಸಣ್ಣದೊಂದು ಅಂಗಡಿ ತೆರೆದಳು. ಅದನ್ನು ಕೇಳಿಸಿಕೊಂಡ ಸಂಜೆಯೇ ದರ್ಜಿಯಮ್ಮ ಮನೆಗೆ ಹೋಗಿ, ಮದುವೆಯ ಮಾತು ಮುಗಿದಿದ್ದ ಹುಡುಗನನ್ನು ಬೇಡವೆಂದದ್ದು. ಅಪ್ಪ ಸಾಯುವವರೆಗೂ ಅವಳೊಂದಿಗೆ ಮಾತಾಡಲಿಲ್ಲ. ಅವಳು ಹೊಲಿಗೆ ಅಂಗಡಿ ಇಟ್ಟಳು, ಮದುವೆಯಾಗಲಿಲ್ಲ. ಒಂಟಿಯೆನಿಸಿದಾಗ, ಚಿಕ್ಕವಳಿಗೂ ಹೀಗೇ ಆಗಿರಬೇಕು, ಅವಳು ತಡೆದುಕೊಂಡಳಲ್ಲ ಎಂದು ಸಮಾಧಾನ ಮಾಡಿಕೊಳ್ಳುವಳು. ಈಗ ನೋಡಿದರೆ ಆ ದಾರಿಯಲ್ಲಿ ತನ್ನ ಮುಂದೆ ಯಾರೂ ನಡೆದಿರಲೇ ಇಲ್ಲ.

ಸಿಟ್ಟಿನಲ್ಲೇ ಪುಸ್ತಕ ಕೊಂಡು ನೇರ ಓದೋ ಅಕ್ಕನ ಮನೆಗೆ ಹೋದಳು. ಅಕ್ಕ ಈಗ ಮಗಳ ಜೊತೆ ಇದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಚುರುಕಾಗಿಯೇ ಇತ್ತು.

"ನಂಗ್ಯಾಕೆ ಸುಳ್ಳು ಓದಿದೆ, ಅಕ್ಕಾ?"

ಅಕ್ಕ ರಟ್ಟು ನೋಡಿ ಗುರುತು ಹಿಡಿದಳು. "ಆ ವಾರಾನೇ ಗಂಡಿನ ಕಡೆಯವರು ನಿನ್ನ ನೋಡಿ ಒಪ್ಪಿದ್ರು. ನೀನೊಬ್ಬಳು ಬಿಟ್ಟು ಎಲ್ರಿಗೂ ಖುಷಿ. ನಾನು ನೀರು ಕುಡಿಯೋಕೆ ಎದ್ರೂ, ಚಿಕ್ಕವಳು ಏನಾದ್ಲು ಅಂತ ನೀನು ಹಿಂದೇನೇ ಬರ್ತಿದ್ದೆ. ಕೊನೇದನ್ನ ನಾನು ಮನೇಲಿ ಮೊದಲೇ ಓದಿಕೊಂಡಿದ್ದೆ. ನಿನ್ನ ಮುಖ ನೋಡ್ಕೊಂಡು ಅವಳನ್ನ ಕೆರೆಗೆ ತಳ್ಳೋಕೆ ಬಾಯಿ ಬರ್ಲಿಲ್ಲ ಕಣೇ."

"ಅವಳನ್ನ ನಂಬಿ ಬದುಕು ಕಟ್ಕೊಂಡೆನಲ್ಲ."

"ಕಟ್ಟಿದ್ದು ನೀನು ತಾನೆ? ನಾನು ಬಾಯಲ್ಲಿ ಹೇಳ್ದೆ ಅಷ್ಟೆ. ಹೇಳಿದ ನಾನೇ, ಮನೆಯವರು ತೋರಿಸಿದವನ ಹಿಂದೆ ತಲೆ ತಗ್ಗಿಸ್ಕೊಂಡು ಹೋದೆ."

ಒಳಗೆ ಮಗಳು ಪಾತ್ರೆ ಜೋಡಿಸುತ್ತಿದ್ದಳು. ದರ್ಜಿಯಮ್ಮನ ಸಿಟ್ಟು ಎಲ್ಲಿ ಹೋಯಿತೋ. ಪುಸ್ತಕವನ್ನು ಅಕ್ಕನ ಮಡಿಲಲ್ಲಿಟ್ಟಳು.

"ಓದು. ಈ ಸಲ ಇದ್ದದ್ದು ಇದ್ದ ಹಾಗೇ."

"ಈಗ್ಯಾಕೆ?"

"ಪಾಪ, ಅವಳು ಸತ್ತಿದ್ದು ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ. ಒಬ್ಬರೂ ಅಳ್ಲಿಲ್ಲ."

ಅಕ್ಕ ಕನ್ನಡಕ ಏರಿಸಿ ಓದತೊಡಗಿದಳು. ದನಿ ಒಡೆದಿತ್ತು, ಎಳೆದು ನಿಲ್ಲಿಸುವ ರೀತಿ ಮಾತ್ರ ಅದೇ. ಚಿಕ್ಕವಳು ಬಾಗಿಲು ತೆಗೆದು ಹೊರಟಳು, ದಂಡೆಗೆ ಬಂದಳು. ದರ್ಜಿಯಮ್ಮ ಒರೆಸಿಕೊಳ್ಳದೆ ಅಳುತ್ತಿದ್ದಳು. ನೀರಿಗಿಳಿಯುವ ಸಾಲು ಬಂದಾಗ ಅಕ್ಕ ತಡೆದು ಅವಳ ಮುಖ ನೋಡಿದಳು.

"ಓದಕ್ಕಾ," ಎಂದು ದರ್ಜಿಯಮ್ಮ ಅವಳ ಕೈ ಹಿಡಿದುಕೊಂಡಳು.

ಅಕ್ಕ ಓದಿದಳು. ಪುಟ ಮುಗಿದಾಗ ಹಿಡಿದ ಕೈ ಬಿಡದೆ, ದರ್ಜಿಯಮ್ಮನೇ ಹಾಳೆ ತಿರುವಿದಳು.