ನನ್ನ ಅಗಲ, ನೀಲವ್ವನ ನೋಟ

ನಾನು ಒಂದು ಮೊಬೈಲ್ ಫೋನ್. ಬರೀ ಫೋನ್ ಅಂದರೆ ನನಗೆ ಸ್ವಲ್ಪ ಬೇಜಾರು. ದೊಡ್ಡ ಪರದೆಯ ಫೋನ್ ಅನ್ನಬೇಕು. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಧೂಳಿನ ಒಂದು ಕಣವೂ ಇರಲಿಲ್ಲ. ಟೋಪಿ, ಕೈಗವಸು ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಒಬ್ಬಳು ನನ್ನ ಹೊಟ್ಟೆಗೆ ಬ್ಯಾಟರಿ ಇಟ್ಟಳು, ಇನ್ನೊಬ್ಬಳು ಕ್ಯಾಮೆರಾ ಕೂರಿಸಿದಳು, ಮತ್ತೊಬ್ಬಳು ಗಾಜು ಅಂಟಿಸಿ ಒತ್ತಿದಳು. ಕೊನೆಯವಳು ಪರದೆ ಹೊತ್ತಿಸಿ, ಮೇಲಿಂದ ಕೆಳಗೆ ಬೆರಳಾಡಿಸಿ, ಸರಿಯಿದೆ ಎಂದು ಪಕ್ಕಕ್ಕೆ ಸರಿಸಿದಳು. ನಾನು ಮೊದಲು ನೋಡಿದ ಮುಖ ಅವಳದೇ. ಆದರೆ ಅವಳು ನೋಡಿದ್ದು ನನ್ನನ್ನಲ್ಲ, ಗಾಜಿನ ಮೇಲೆ ಗೀರು ಇದೆಯೇ ಅಂತ.

ಹುಟ್ಟಿದ ಕೂಡಲೇ ಡಬ್ಬಿ ಸೇರಿದೆ. ಡಬ್ಬಿಯ ಬೆನ್ನ ಮೇಲೆ ನನ್ನ ಜಾತಕ ಅಚ್ಚಾಗಿತ್ತು. ಪರದೆ ಆರು ಪಾಯಿಂಟ್ ಒಂಬತ್ತು ಇಂಚು. ಬ್ಯಾಟರಿ ಐದು ಸಾವಿರ. ಹಿಂದಿನ ಕ್ಯಾಮೆರಾ ನೂರೆಂಟು ಮೆಗಾಪಿಕ್ಸೆಲ್. ಇಷ್ಟು ಅಂಕಿ ಬೆನ್ನಿಗಿದ್ದ ಮೇಲೆ ಯಾರಿಗೆ ತಾನೇ ತಲೆ ತಿರುಗುವುದಿಲ್ಲ?

ಡಬ್ಬಿ ತೆರೆದದ್ದು ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ. ಅಂಗಡಿಯ ಶೌಕತ್ ನನ್ನನ್ನು ಕೌಂಟರಿನ ಮೇಲಿಟ್ಟ. ಪಕ್ಕದಲ್ಲಿ ನೀಲಿ ಬೆನ್ನಿನ ಇನ್ನೊಬ್ಬನಿದ್ದ. ಬೇರೆ ಕಂಪನಿಯವನು. ಅವನ ಪರದೆ ಆರು ಪಾಯಿಂಟ್ ಏಳು; ನನಗಿಂತ ಎರಡು ಗೆರೆ ಕಡಿಮೆ. ಬ್ಯಾಟರಿ ಮಾತ್ರ ಐದೂವರೆ ಸಾವಿರ. ಹಿಂದಿನ ಕ್ಯಾಮೆರಾ ಐವತ್ತೇ, ಆದರೆ ಮುಂದಿನದು ನನ್ನದಕ್ಕಿಂತ ಚೆನ್ನಾಗಿತ್ತು. ತೂಕದಲ್ಲಿ ಹಗುರ. ಗಿರಾಕಿ ಬಂದಾಗ ಶೌಕತ್ ನಮ್ಮಿಬ್ಬರನ್ನೂ ಎರಡು ಕೈಯಲ್ಲಿ ಹಿಡಿದು ತಕ್ಕಡಿಯ ಹಾಗೆ ನಿಂತುಕೊಳ್ಳುತ್ತಿದ್ದ. ಅವನ ಹಗುರ ಮೈಯನ್ನು ಗುಣ ಅನ್ನುತ್ತಿದ್ದ, ನನ್ನ ಭಾರವನ್ನೂ ಗುಣವೇ ಅನ್ನುತ್ತಿದ್ದ. ಗಿರಾಕಿಯ ಕಣ್ಣು ಯಾರ ಮೇಲೆ ಬಿದ್ದರೆ ಆ ಹೊತ್ತಿಗೆ ಅವನೇ ಮೇಲು. ನಾವಿಬ್ಬರೂ ಮುಖ ತಿರುಗಿಸಿಕೊಂಡೇ ಬಿದ್ದಿರುತ್ತಿದ್ದೆವು.

ಒಂದು ದಿನ ಮಧ್ಯಾಹ್ನ ಮೂವರು ಬಂದರು. ಮುಂದೆ ಗುರುಪಾದಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ನಿಲ್ದಾಣದ ಗದ್ದಲದಲ್ಲಿ ಊರಿನ ಹೆಸರು ಕೂಗಿ ಕೂಗಿ ಗಂಟಲು ದೊಡ್ಡದಾದವನು. ಅವನ ಹಿಂದೆ ಹೆಂಡತಿ ನೀಲವ್ವ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಮೂರನೆಯವಳು ಮಗಳು ದಾಕ್ಷಾಯಿಣಿ. ಅವಳಿಗೆ ಎರಡೂ ಬರುತ್ತವೆ: ಅಪ್ಪನ ಬಾಯಿಮಾತು, ಅವ್ವನ ಕೈಮಾತು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರ್. ರಜೆ ಮುಗಿಸಿ ಮಾರನೆಯ ದಿನ ಹೊರಟಿದ್ದಳು.

ವಿಷಯ ಇಷ್ಟು. ಮಗಳು ದೂರ ಇರುವುದರಿಂದ ತಾಯಿ ಮಗಳ ಮಾತು ವಿಡಿಯೋ ಕಾಲಿನಲ್ಲೇ ನಡೆಯಬೇಕು. ಈಚೆಗೆ ನೀಲವ್ವನಿಗೆ ಹಳೆಯ ಸಣ್ಣ ಫೋನಿನಲ್ಲಿ ಮಗಳ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಕಾಣದಿದ್ದರೆ ಮಾತೇ ಇಲ್ಲ. ದಾಕ್ಷಾಯಿಣಿ ಮುಂದಿನ ಕ್ಯಾಮೆರಾ ಎಷ್ಟು ಅಗಲ ಹಿಡಿಯುತ್ತದೆ, ಬೆರಳು ಬೇಗ ಆಡಿಸಿದರೆ ಮಸುಕಾಗುತ್ತದೆಯೇ ಅಂತ ನಮ್ಮಿಬ್ಬರ ಎದುರೂ ಕೈಯಾಡಿಸಿ ನೋಡಿದಳು. ಶೌಕತ್ ಮೆಗಾಪಿಕ್ಸೆಲ್ ಹೇಳಿದ. ಗುರುಪಾದಪ್ಪನಿಗೆ ಅದೆಲ್ಲ ಬೇಕಿರಲಿಲ್ಲ.

"ಯಾವದು ದೊಡ್ಡದು, ಅಷ್ಟ ಹೇಳ್ರಿ," ಅಂದ.

"ಇದರಕಿಂತ ದೊಡ್ಡದು ಬೇಕಂದ್ರ ಟೀವಿ ಅಂಗಡಿಗೇ ಹೋಗಬೇಕ್ರಿ ಕಾಕಾ," ಎಂದು ಶೌಕತ್ ನನ್ನನ್ನು ಎತ್ತಿ ಹಿಡಿದ.

ನಾನು ಗೆದ್ದೆ. ನೀಲಿಯವನೂ ಸೋಲಲಿಲ್ಲ, ಅವನನ್ನು ದಾಕ್ಷಾಯಿಣಿ ತನಗೆ ಕೊಂಡಳು. ಹೀಗೆ ನಾನು ಹುಬ್ಬಳ್ಳಿಯ ಬಾಡಿಗೆ ಮನೆಗೆ ಹೋದೆ, ಅವನು ಮೈಸೂರಿಗೆ ಹೋದ. ಅಂದಿನಿಂದ ಅವನು ಹಿಡಿದದ್ದನ್ನು ನಾನು ತೋರಿಸಬೇಕು, ನಾನು ಹಿಡಿದದ್ದನ್ನು ಅವನು. ಪೈಪೋಟಿಯವರಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಇರಲಾರದು.

ನೀಲವ್ವ ಸೀರೆಗೆ ಫಾಲು ಹಚ್ಚುವ, ಪಿಕೋ ಮಾಡುವ ಕೆಲಸ ಮಾಡುತ್ತಿದ್ದಳು. ನನ್ನನ್ನು ಹೊಲಿಗೆ ಮಷಿನ್ನಿನ ಹಲಗೆಯ ಮೇಲೆ, ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಕೈಮಾತಿನವರು ಫೋನನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಹಿಡಿದರೆ ಅರ್ಧ ಬಾಯಿ ಮುಚ್ಚಿದಂತೆ. ಸಂಜೆಯಾಗುತ್ತಲೇ ಮಗಳ ಕರೆ ಬರುತ್ತಿತ್ತು. ನಾನು ನಡುಗುತ್ತಿದ್ದೆ, ಹಲಗೆ ನಡುಗುತ್ತಿತ್ತು, ಅದರ ಮೇಲಿದ್ದ ನೀಲವ್ವನ ಬೆರಳಿಗೆ ತಿಳಿಯುತ್ತಿತ್ತು. ನನ್ನ ಅಗಲವಾದ ಮುಖದ ತುಂಬ ದಾಕ್ಷಾಯಿಣಿ ಬಂದು ನಿಲ್ಲುತ್ತಿದ್ದಳು. ನೀಲವ್ವನ ಕಣ್ಣು ನನ್ನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. ನನ್ನ ಉದ್ದಗಲ ಕಂಡು ಬೆರಗಾಗಿದ್ದಾಳೆ ಅಂದುಕೊಂಡೆ. ದೊಡ್ಡ ಪರದೆಯವರಿಗೆ ಇಂಥ ಭ್ರಮೆ ಸಹಜ.

ಅವಳು ಹುಡುಕುತ್ತಿದ್ದಳು. ಮುಖ ನೋಡಿದರೆ ಕೈ ತಪ್ಪುತ್ತಿತ್ತು, ಎಡಗೈ ಹಿಡಿದರೆ ಬಲಗೈ ಹೋಗುತ್ತಿತ್ತು. ಮಗಳು ಪೂರ್ತಿ ಹೇಳಿದ್ದು ಅವಳಿಗೆ ತುಂಡು ತುಂಡಾಗಿ ಮುಟ್ಟುತ್ತಿತ್ತು. ಮಗಳಿಗೆ ತನ್ನ ಮೇಲೆ ಮೊದಲಿನ ಆಸ್ಥೆ ಇಲ್ಲ, ಅರ್ಧಂಬರ್ಧ ಮಾತಾಡಿ ಮುಗಿಸುತ್ತಾಳೆ ಅಂತ ಅವಳಿಗನ್ನಿಸಿತು. ಅವ್ವ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಎಲ್ಲೋ ನೋಡುತ್ತಾಳೆ ಅಂತ ಮಗಳಿಗೆ ಅನ್ನಿಸಿತು. ಕಾಲ್ ಚಿಕ್ಕದಾಗುತ್ತ ಬಂತು. ಕೆಲವು ಸಂಜೆ ನಾನು ನಡುಗಿದರೂ ನೀಲವ್ವ ಸೀರೆಯಿಂದ ತಲೆ ಎತ್ತುತ್ತಿರಲಿಲ್ಲ. ನನಗೆ ಬೇಸರವಾಯಿತು, ಆದರೆ ನಾನು ನಡುಗುವುದಷ್ಟೇ ಬಲ್ಲೆ.

ಗುರುಪಾದಪ್ಪ ಪರಿಹಾರ ಹುಡುಕಿದ. ದುರ್ಗದ ಬೈಲಿನ ಪೇಟೆಯಿಂದ ಒಂದು ಪ್ಲಾಸ್ಟಿಕ್ ಭೂತಗನ್ನಡಿ ತಂದ. ಫೋನಿನ ಮುಂದೆ ನಿಲ್ಲಿಸಿದರೆ ಚಿತ್ರ ಎರಡು ಪಟ್ಟು ಕಾಣುತ್ತದಂತೆ. ನನ್ನ ಆರು ಪಾಯಿಂಟ್ ಒಂಬತ್ತು ಸಾಲದೆಂದು ಹೀಗೆ ಅವಮಾನ ಮಾಡಿದ. ಆ ಸಂಜೆ ದಾಕ್ಷಾಯಿಣಿಯ ಮೂಗೇ ಒಂದು ಬಾಗಿಲಿನಷ್ಟಾಯಿತು. ನೀಲವ್ವ ಒಂದು ಗಳಿಗೆ ನೋಡಿ, ಭೂತಗನ್ನಡಿಯನ್ನು ಸರಿಸಿ, ಎದ್ದು ಒಳಗೆ ಹೋಗಿಬಿಟ್ಟಳು. ಹೋಗುವಾಗ ಸ್ಟೂಲು ಎಡವಿದಳು. ಅವಳು ಸಂಜೆ ಹೊತ್ತು ಸ್ಟೂಲು, ಚೊಂಬು, ಚಪ್ಪಲಿ ಎಡವುವುದು ಆ ಮನೆಯಲ್ಲಿ ನಗುವ ಸಂಗತಿಯಾಗಿತ್ತು. ಕಣ್ಣು ಮಂದ ಅಂದರೆ ನಂಬುವವರು ಯಾರು? ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಹೆಂಗಸು ಅವಳು.

ಗುಟ್ಟು ಬಯಲಾದದ್ದು ನನ್ನ ಹಸಿವಿನಿಂದ. ಅವತ್ತು ಬ್ಯಾಟರಿ ಖಾಲಿಯಾಗಿ, ನನ್ನನ್ನು ಅಡುಗೆಮನೆ ಬಾಗಿಲ ಪಕ್ಕದ ಗೋಡೆಯೊಳಗಿನ ಮಾಡಿನಲ್ಲಿ ಚಾರ್ಜಿಗೆ ಹಾಕಿದ್ದರು. ಆಗಲೇ ಮಗಳ ಕರೆ ಬಂತು. ಗುರುಪಾದಪ್ಪ ಗುಂಡಿ ಒತ್ತಿ, ನನ್ನನ್ನು ಅಲ್ಲೇ ಒರಗಿಸಿ, ಹೆಂಡತಿಯ ಭುಜ ತಟ್ಟಿ ತೋರಿಸಿದ. ನೀಲವ್ವ ಕೋಣೆಯ ಆ ತುದಿಯಲ್ಲಿ ಮಷಿನ್ನಿನ ಮುಂದೆ ಕೂತಿದ್ದಳು. ಅಷ್ಟು ದೂರದಿಂದ ನಾನು ಅವಳಿಗೆ ಒಂದು ಬೆಂಕಿಪೊಟ್ಟಣದಷ್ಟು ಕಂಡಿರಬೇಕು.

ಅವಳು ನೋಡಿದಳು. ಕಣ್ಣು ಓಡಾಡಲಿಲ್ಲ. ಮಗಳು ಊಟ ಆಯಿತೇ ಅಂದಳು, ತಾಯಿ ತಟ್ಟನೆ ಉತ್ತರ ಕೊಟ್ಟಳು. ಮಗಳು ಶಾಲೆಯ ಯಾವುದೋ ಹುಡುಗಿಯ ಕಥೆ ತೆಗೆದಳು, ತಾಯಿ ನಕ್ಕಳು. ಎಷ್ಟೋ ತಿಂಗಳ ಮಾತು ಅವತ್ತು ಹರಿಯಿತು. ನಡುವೆ ಗುರುಪಾದಪ್ಪ, ಪಾಪ, ಹೆಂಡತಿಗೆ ತೊಂದರೆಯಾಗುತ್ತದೆಂದು ನನ್ನನ್ನು ಕಿತ್ತು ತಂದು ಅವಳ ಮೂಗಿನ ಮುಂದೆ ಹಿಡಿದ. ನೀಲವ್ವ ಸಿಟ್ಟಿನಿಂದ ಎದ್ದು ನನ್ನನ್ನು ಕಸಿದುಕೊಂಡು ಮತ್ತೆ ಮಾಡಿನಲ್ಲಿಟ್ಟು ಬಂದಳು. ಅವನು ಮತ್ತೆ ತಂದ. ಅವಳು ಮತ್ತೆ ಒಯ್ದಳು. ಗಂಡ ಹೆಂಡತಿಯ ಈ ಎಳೆದಾಟವನ್ನು ಮೈಸೂರಿನಲ್ಲಿ ಕೂತು ನೋಡಿದ ದಾಕ್ಷಾಯಿಣಿಯ ಕೈ ನಿಂತುಹೋಯಿತು. ಅವಳ ಶಾಲೆಯಲ್ಲಿ ಹೀಗೇ ದೂರ ಸರಿದು ನಿಂತು ಮಾತಾಡುವ ಒಬ್ಬ ಹುಡುಗಿ ಇದ್ದಳು.

"ಅಪ್ಪಾ, ನೀ ಅವ್ವನ ಎದುರು ಕುಂದರು," ಅಂದಳು. "ಎರಡೂ ಕೈ ಅಗಲ ಚಾಚು. ಬೆರಳು ಅಲ್ಲಾಡಿಸ್ಕೋತ ನಿಧಾನಕ ಮುಂದ ತಗೊಂಡು ಬಾ. ಬೆರಳು ಕಂಡಕೂಡಲೇ ಆಕಿ ಕೈ ಎತ್ತತಾಳ."

ಅಪ್ಪನ ಮೂಗಿನಿಂದ ಕಣ್ಣು ಕದಲಿಸಬೇಡ ಅಂತ ತಾಯಿಗೂ ಕೈಯಿಂದ ಹೇಳಿದಳು. ಗುರುಪಾದಪ್ಪ ಬಸ್ಸಿನ ಬಾಗಿಲಲ್ಲಿ ಜನರನ್ನು ತಡೆಯುವವನಂತೆ ಕೈ ಚಾಚಿ ಕೂತ. ನೀಲವ್ವ ಅವನ ಮೂಗನ್ನೇ ನೋಡುತ್ತಿದ್ದಳು. ಅವನ ಕೈ ಭುಜದ ನೇರಕ್ಕೆ ಬಂತು, ಅವಳು ಕೈ ಎತ್ತಲಿಲ್ಲ. ಇನ್ನೂ ಮುಂದೆ ಬಂತು. ಎರಡು ಅಂಗೈಗಳ ನಡುವೆ ಒಂದು ಊಟದ ತಟ್ಟೆಯಷ್ಟು ಜಾಗ ಉಳಿದಾಗ ಅವಳು ಕೈ ಎತ್ತಿದಳು. ಗುರುಪಾದಪ್ಪ ಅಂಗೈಗಳನ್ನು ಹಾಗೇ ಹಿಡಿದು ಆ ಜಾಗವನ್ನು ಮಗಳಿಗೆ ತೋರಿಸಿದ.

"ಇಷ್ಟ ಕಾಣತೈತೇನವಾ ಆಕಿಗೆ?" ಅಂದ. ಅವನ ದೊಡ್ಡ ಗಂಟಲಿನಿಂದ ಇಷ್ಟು ಸಣ್ಣ ದನಿ ಬಂದದ್ದನ್ನು ನನ್ನ ಮೈಕು ಅದೇ ಮೊದಲು ಹಿಡಿದದ್ದು.

ಎಲ್ಲರಿಗೂ ಅರ್ಥವಾಯಿತು, ನನಗೂ. ನೀಲವ್ವ ಲೋಕವನ್ನು ಒಂದು ಕೊಳವೆಯೊಳಗಿಂದ ನೋಡುತ್ತಿದ್ದಳು. ಸೂಜಿಯ ಕಣ್ಣು ಅದರೊಳಗೆ ಹಿಡಿಸುತ್ತಿತ್ತು, ನಾನು ಹಿಡಿಸುತ್ತಿರಲಿಲ್ಲ. ಅಂಗಡಿಯಲ್ಲಿ ಯಾವ ಅಂಕಿಯಿಂದ ನಾನು ಗೆದ್ದೆನೋ ಅದೇ ಅಂಕಿ ತಾಯಿ ಮಗಳ ನಡುವೆ ಅಡ್ಡ ನಿಂತಿತ್ತು. ನೀಲಿಯವನು ಬಂದಿದ್ದರೂ ಅಷ್ಟೇ. ಎರಡು ಗೆರೆಯಲ್ಲಿ ಏನು ಮಹಾ ವ್ಯತ್ಯಾಸ?

ಕಣ್ಣಿನ ಆಸ್ಪತ್ರೆಗೆ ನನ್ನನ್ನೂ ಒಯ್ದರು. ಡಾಕ್ಟರಮ್ಮ ಹೇಳಿದ್ದನ್ನು ಗುರುಪಾದಪ್ಪ ಕೇಳಿಸಿಕೊಂಡ, ಆದರೆ ಹೆಂಡತಿಗೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಊಟ, ನೀರು, ಬಾ, ಹೋಗು, ಇಷ್ಟೇ ಅವನ ಕೈಮಾತು. ಮದುವೆಯಾದ ಹೊಸದರಲ್ಲಿ ಕಲಿಯಬೇಕೆಂದಿದ್ದ. ಅಷ್ಟರಲ್ಲಿ ದಾಕ್ಷಾಯಿಣಿ ಹುಟ್ಟಿದಳು, ಮಾತು ಕಲಿಯುತ್ತಲೇ ಇಬ್ಬರ ನಡುವೆ ಸೇತುವೆಯಾದಳು. ಮಗು ಇದೆಯಲ್ಲ ಅಂತ ಅವನು ಕಲಿಯುವುದನ್ನೇ ಬಿಟ್ಟ. ಹಾಗಾಗಿ ಈಗ ಅವನು ನನ್ನನ್ನು ಎತ್ತಿ ಹಿಡಿದು ಕೋಣೆಯ ಬಾಗಿಲ ತನಕ ಹಿಂದೆ ಸರಿದು ನಿಂತ. ಡಾಕ್ಟರಮ್ಮ ಗಟ್ಟಿಯಾಗಿ ಹೇಳಿದಳು, ಮೈಸೂರಿನ ಮಗಳು ಕೇಳಿ ಕೈಯಲ್ಲಿ ಹೇಳಿದಳು. ಹುಟ್ಟುಕಿವುಡಿನ ಜೊತೆ ಕೆಲವರಿಗೆ ಇದೂ ಬರುತ್ತದೆ. ನೋಟ ಸುತ್ತಲಿಂದ ಮುಚ್ಚುತ್ತ ಬರುತ್ತದೆ. ತಡೆಯುವ ಔಷಧಿ ಸದ್ಯ ತಮ್ಮಲ್ಲಿಲ್ಲ. ಇನ್ನೆಷ್ಟು ಕಾಲ ಅಂತ ಹೇಳಲಾಗದು.

ನೀಲವ್ವ ಅಳಲಿಲ್ಲ. ಕೈ ಎತ್ತಿ ಒಂದು ಮಾತು ಕೇಳಿದಳು. ಅದೇನೆಂದು ಗುರುಪಾದಪ್ಪ ಕೇಳಿದ್ದಕ್ಕೆ ದಾಕ್ಷಾಯಿಣಿ ಬಾಯಿಮಾತಿನಲ್ಲಿ ಹೇಳಿದಳು.

"ಇದೂ ಪೂರಾ ಮುಚ್ಚಿದ ಮ್ಯಾಲೆ ನಾ ಯಾರ ಜೋಡಿ ಮಾತಾಡ್ಲಿ ಅಂತ ಕೇಳಾಕತ್ತಾಳಪ್ಪಾ."

ಕಣ್ಣು ಹೋದ ಮೇಲೂ ಮಾತಿದೆ, ಆಡುವವರ ಕೈಯ ಮೇಲೆ ಕೈ ಇಟ್ಟು ತಿಳಿದುಕೊಳ್ಳುತ್ತಾರೆ, ತನ್ನ ಶಾಲೆಯ ಆ ಹುಡುಗಿ ಹಾಗೆ ಕಲಿಯುತ್ತಿದ್ದಾಳೆ ಅಂತ ಮಗಳು ವಿವರಿಸಿದಳು. ಅದಕ್ಕೆ ಜೊತೆಯಲ್ಲಿ ಒಬ್ಬರು ಇರಬೇಕು. ತಾನು ನೌಕರಿ ಬಿಟ್ಟು ಬಂದುಬಿಡುತ್ತೇನೆ ಅಂದಳು.

"ನೀ ಯಾಕ ಬರ್ತೀ?" ಅಂದ ಗುರುಪಾದಪ್ಪ. "ನನಗ ಕಲಿಸು. ಇಲ್ಲಿ ನಾ ಅದೀನಲ್ಲ."

ಅಂದಿನಿಂದ ನಾನು ಮೇಷ್ಟರಾದೆ. ಮುಂಜಾನೆ ದಾಕ್ಷಾಯಿಣಿ ಶಾಲೆಗೆ ಹೋಗುವ ಮೊದಲು ಕರೆ ಬರುತ್ತಿತ್ತು. ಗುರುಪಾದಪ್ಪ ಕನ್ನಡಕ ಏರಿಸಿ, ನನ್ನ ಹತ್ತಿರಕ್ಕೆ ಮುಖ ತಂದು ಮಗಳ ಬೆರಳು ನೋಡುತ್ತಿದ್ದ. ಅವನಿಗೆ ನನ್ನ ಅಗಲ ಉಪಯೋಗಕ್ಕೆ ಬಂತು, ನನಗೂ ಸಮಾಧಾನವಾಯಿತು. ಆದರೆ ಟಿಕೆಟ್ ಹರಿದು ಹರಿದು ಅವನ ಬೆರಳು ಕಟ್ಟಿಗೆಯಾಗಿತ್ತು. ಒಂದನ್ನು ಮಡಿಸಿದರೆ ಇನ್ನೊಂದು ತಾನೂ ಮಡಿಯುತ್ತಿತ್ತು. ಕಲಿತದ್ದನ್ನು ಹೆಂಡತಿಗೆ ಹೇಳಲು ಹೋಗಿ ಎಡವಟ್ಟು ಮಾಡುತ್ತಿದ್ದ, ನೀಲವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಸೀರೆಯ ಮಡಿಕೆ ಸರಿಮಾಡುವ ಹಾಗೆ ಸರಿಮಾಡುತ್ತಿದ್ದಳು. ಬೇಸಿಗೆ ರಜೆಯಲ್ಲಿ ಮಗಳು ಬಂದಳು. ತಾಯಿಗೆ ಕಣ್ಣು ಮುಚ್ಚಿಸಿ, ಅಪ್ಪನ ಕೈಯ ಮೇಲೆ ಅವ್ವನ ಕೈ ಇರಿಸಿ ಅಭ್ಯಾಸ ಮಾಡಿಸಿದಳು.

ನನಗೂ ವಯಸ್ಸಾಯಿತು. ಬ್ಯಾಟರಿ ಉಬ್ಬಿ ಬೆನ್ನು ಗೂನಾಗಿದೆ. ಮುಖದ ಮೇಲೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಎದ್ದಿದೆ, ಹೋಗುವುದಿಲ್ಲ. ನೀಲಿಯವನನ್ನು ದಾಕ್ಷಾಯಿಣಿ ಯಾವಾಗಲೋ ಬದಲಿಸಿದಳು. ಅವನ ಜಾಗಕ್ಕೆ ಬಂದವನ ಪರದೆ ಎಷ್ಟು ಇಂಚು ಅಂತ ನಾನು ವಿಚಾರಿಸಲು ಹೋಗಿಲ್ಲ.

ನೀಲವ್ವನ ಕಣ್ಣಿಗೆ ಈಗ ಹಗಲಲ್ಲಿ ಒಂದು ಬಿಲ್ಲೆಯಷ್ಟು ಬೆಳಕು ಉಳಿದಿದೆ. ಸಂಜೆಗೆ ಅದೂ ಇಲ್ಲ. ಮಗಳ ಕರೆ ಬರುವುದು ಸಂಜೆಯೇ. ಈಗ ವಿಡಿಯೋ ಇಲ್ಲ, ಬರೀ ದನಿ. ನನ್ನನ್ನು ಮಷಿನ್ನಿನ ಮೇಲೆ ಮಲಗಿಸಿರುತ್ತಾರೆ, ಪರದೆ ಕಪ್ಪಗಿರುತ್ತದೆ. ಮಗಳು ಮಾತಾಡುತ್ತಾಳೆ, ಗುರುಪಾದಪ್ಪ ಕೇಳಿಸಿಕೊಂಡು ಹೆಂಡತಿಯ ಕೈಯೊಳಗೆ ಹೇಳುತ್ತಾನೆ, ಅವಳು ಹೇಳಿದ್ದನ್ನು ಗಟ್ಟಿಯಾಗಿ ಮಗಳಿಗೆ ಮುಟ್ಟಿಸುತ್ತಾನೆ. ಎಷ್ಟೋ ವರ್ಷ ಮಗಳು ಮಾಡಿದ ಕೆಲಸ ಈಗ ಅವನದು. ನನ್ನ ಜಾತಕದಲ್ಲಿದ್ದ ಯಾವ ಅಂಕಿಯೂ ಇದಕ್ಕೆ ಬೇಕಾಗುವುದಿಲ್ಲ. ಅಂಗಡಿಯಲ್ಲಿ ಬಿದ್ದಿದ್ದಾಗ ಈ ಮಾತು ಯಾರಾದರೂ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ.

ಮೊನ್ನೆ ಸಂಜೆ ಪರೀಕ್ಷೆಯ ಕೆಲಸವಿದೆಯೆಂದು ದಾಕ್ಷಾಯಿಣಿ ಬೇಗ ಕರೆ ಮುಗಿಸಿದಳು. ಗುರುಪಾದಪ್ಪ ಅದನ್ನು ಹೆಂಡತಿಗೆ ತಿಳಿಸಿ ಏಳಲು ಹೋದ. ನೀಲವ್ವ ಅವನ ಕೈ ಬಿಡಲಿಲ್ಲ. ಏನನ್ನೋ ಹೇಳತೊಡಗಿದಳು, ಬಹಳ ಹೊತ್ತು ಹೇಳಿದಳು. ಅವನು ಮತ್ತೆ ಕೂತ. ನಡುವೆ ಒಮ್ಮೆ ನಕ್ಕ, ಒಮ್ಮೆ ಮೂಗು ಒರೆಸಿಕೊಂಡ. ಆಮೇಲೆ ಅವನ ಸರದಿ ಬಂತು, ಅವನ ಕಟ್ಟಿಗೆ ಬೆರಳು ಅವಳ ಕೈಯೊಳಗೆ ನಿಧಾನಕ್ಕೆ ಆಡತೊಡಗಿತು. ಏನು ಹೇಳಿಕೊಂಡರೋ ನನಗೆ ಗೊತ್ತಿಲ್ಲ. ನನ್ನ ಮೈಕಿಗೆ ಅದು ಕೇಳುವಂಥದ್ದಲ್ಲ, ಕ್ಯಾಮೆರಾಕ್ಕೆ ಕಾಣುವಂಥದ್ದಲ್ಲ. ಮಗಳು ನಡುವೆ ಇರಲಿಲ್ಲ, ನಾನೂ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡುತ್ತಿದ್ದರು.